ಡೆಕ್‌ಗೆ ಎಣ್ಣೆ: ಹಚ್ಚುವುದಕ್ಕಿಂತ ಒರೆಸುವುದೇ ಮುಖ್ಯ

[ದೃಶ್ಯ: ಬೂದು ಬಣ್ಣಕ್ಕೆ ತಿರುಗಿದ ಹಲಗೆ. ಅದರ ಮೇಲೆ ಒಂದು ಹನಿ ನೀರು.]

ನಮಸ್ಕಾರ. ಇದು ಡೆಕ್, ಅಂದರೆ ಮನೆಯ ಹೊರಗೆ ಮರದ ಹಲಗೆ ಹಾಸಿದ ಜಗಲಿ. ಇದರ ಮೇಲಿನ ಈ ಹನಿಯನ್ನು ನೋಡಿ. ಸ್ವಲ್ಪ ಹೊತ್ತಿನಲ್ಲೇ ಹಲಗೆ ಅದನ್ನು ಕುಡಿದುಬಿಟ್ಟಿತು, ಅಲ್ವಾ? ಅಂದರೆ ಮರಕ್ಕೆ ಎಣ್ಣೆ ಬೇಕು. ಹನಿ ಉಂಡೆಯಾಗಿ ನಿಂತಿದ್ದರೆ ಇವತ್ತು ಕೆಲಸವೇ ಇರುತ್ತಿರಲಿಲ್ಲ.

ವಾರ್ನಿಷ್ ಯಾಕೆ ಬೇಡ ಅಂತ ಕೇಳುತ್ತೀರಿ. ಅದು ಮೇಲೆ ಪೊರೆಯಾಗಿ ಕೂರುತ್ತದೆ. ಹೊರಗಿನ ಮರವೋ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಪೊರೆ ಎಲ್ಲೋ ಬಿರಿಯುತ್ತದೆ, ನೀರು ಒಳಗೆ ಸೇರುತ್ತದೆ, ಸಿಪ್ಪೆ ಏಳುತ್ತದೆ. ಆಮೇಲೆ ಎಲ್ಲವನ್ನೂ ಕೆರೆಯಬೇಕು. ಎಣ್ಣೆ ಮರದೊಳಗೆ ಇಳಿಯುವುದರಿಂದ ಆ ಗೋಳಿಲ್ಲ. ಮಾಸಿದಾಗ ತೊಳೆದು, ಒಣಗಿಸಿ, ಮತ್ತೆ ಹಚ್ಚಿದರೆ ಆಯಿತು.

ಯಾವ ಎಣ್ಣೆ? ಸ್ವಲ್ಪ ಬಣ್ಣ ಬೆರೆತ ಡೆಕ್ ಆಯಿಲ್ ತಗೊಳ್ಳಿ. ಮರದ ಎಳೆಗಳನ್ನು ಬಿಗಿಯಾಗಿ ಹಿಡಿದಿರುವ ಲಿಗ್ನಿನ್ ಬಿಸಿಲಿನ ಅಲ್ಟ್ರಾವಯಲೆಟ್ ಕಿರಣಕ್ಕೆ ಒಡೆಯುತ್ತದೆ. ಮರ ಬೂದಾಗುವುದು ಹಾಗೆ. ಬಣ್ಣದ ಕಣಗಳು ಆ ಕಿರಣವನ್ನು ತಡೆಯುತ್ತವೆ. ಬರೀ ಅಗಸೆ ಎಣ್ಣೆ ಹೊರಗಡೆಗೆ ನನಗೆ ಇಷ್ಟವಿಲ್ಲ. ಒಣಗುವುದು ನಿಧಾನ, ಬೂಸ್ಟು ಬೇರೆ ಹಿಡಿಯುತ್ತದೆ.

ಡೆಕ್ ತೊಳೆದ ಮೇಲೆ ಚೆನ್ನಾಗಿ ಒಣಗಲು ಬಿಡಿ. ಒದ್ದೆ ಮರದೊಳಗೆ ಎಣ್ಣೆಗೆ ಜಾಗವಿರುವುದಿಲ್ಲ. ಆಮೇಲೆ ಉಜ್ಜಲು 80 ನಂಬರಿನ ಉಪ್ಪುಕಾಗದ ಸಾಕು. ತೀರಾ ನುಣುಪು ಮಾಡಿದರೆ ಎಣ್ಣೆ ಇಳಿಯುವುದಿಲ್ಲ. ಸ್ಟೀಲ್ ವುಲ್, ಅಂದರೆ ಉಕ್ಕಿನ ಸಣ್ಣ ಎಳೆಗಳ ಉಂಡೆ, ಅದನ್ನು ಮಾತ್ರ ಮುಟ್ಟಬೇಡಿ. ಅದರ ಚೂರು ಉಳಿದರೆ ಮರದಲ್ಲೇ ಇರುವ ಟ್ಯಾನಿನ್ ಎಂಬ ಒಗರು ಅಂಶದ ಜೊತೆ ಸೇರಿ ಕಪ್ಪು ಕಲೆಯಾಗುತ್ತದೆ.

[ದೃಶ್ಯ: ಬ್ರಷ್, ಹಲಗೆಯ ಉದ್ದಕ್ಕೆ]

ಎರಡು ಮೂರು ಹಲಗೆ ಮಾತ್ರ ಹಿಡಿಯಿರಿ. ಈ ತುದಿಯಿಂದ ಆ ತುದಿಗೆ ಮುಗಿಸಿಯೇ ಮುಂದಿನದಕ್ಕೆ ಹೋಗಿ. ನಡುವೆ ನಿಲ್ಲಿಸಿದರೆ ಅಲ್ಲೊಂದು ಗೆರೆ ಉಳಿಯುತ್ತದೆ. ಸುಡುವ ಬಿಸಿಲಿನಲ್ಲಿ ಬೇಡ, ಎಣ್ಣೆ ಇಳಿಯುವ ಮೊದಲೇ ಮೇಲೆ ಅಂಟುತ್ತದೆ. ಹಲಗೆಯ ಕೊಯ್ದ ತುದಿಗಳಿಗೆ ಧಾರಾಳವಾಗಿ ಕುಡಿಸಿ. ನೀರು ಜಾಸ್ತಿ ನುಗ್ಗುವುದು ಅಲ್ಲಿಂದಲೇ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ಸುಮಾರು 15-20 ನಿಮಿಷ ಬಿಟ್ಟು, ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅಷ್ಟು ಹೊತ್ತು ಬಿಟ್ಟು, ಬಗ್ಗಿ ಓರೆಯಾಗಿ ನೋಡಿ. ಅಲ್ಲಲ್ಲಿ ಹಸಿಹಸಿಯಾಗಿ ಹೊಳೆಯುತ್ತಿದೆಯಾ? ಅದು ಮರ ಕುಡಿಯದೆ ಬಿಟ್ಟ ಎಣ್ಣೆ. ಹೊಳಪು ಚೆನ್ನಾಗಿದೆ ಅಂತ ಸುಮ್ನೆ ಬಿಡಬೇಡಿ. ಅದು ಸರಿಯಾಗಿ ಒಣಗದೆ ಅಂಟಂಟಾಗುತ್ತದೆ, ಧೂಳು ಹಿಡಿಯುತ್ತದೆ. ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಬೆರಳು ಎಳೆದರೆ ಜಿಡ್ಡು ಹತ್ತಬಾರದು, ಅಲ್ಲಿಯವರೆಗೆ ಒರೆಸಿ.

ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ದಯವಿಟ್ಟು. ಇಂಥ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖಕ್ಕೆ ಹೊರಬರಲು ದಾರಿಯಿಲ್ಲ. ಕಿಡಿ ಇಲ್ಲದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ, ನೆರಳಿನಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಬಿಡಿಸಿ ಹರಡಿ. ಪೂರ್ತಿ ಒಣಗಿ ಬಿರುಸಾದ ಮೇಲಷ್ಟೇ ಕಸಕ್ಕೆ ಹಾಕಿ.