ಊರು ಬದಲಿಸುವವರು ಮನೆಯನ್ನು ಯಾವ ತಿಂಗಳಲ್ಲಿ ನೋಡಬೇಕು

ಎಲ್ಲರಿಗೂ ನಮಸ್ಕಾರ.

ವರ್ಗಾವಣೆ ಆದವರು, ಮನೆಯಿಂದಲೇ ಕೆಲಸ ಮಾಡಬಹುದು ಅಂತ ಆಫೀಸಿನವರು ಹೇಳಿದ್ದರಿಂದ ಬೆಂಗಳೂರು ಬಿಡುವ ಯೋಚನೆ ಮಾಡುತ್ತಿರುವವರು, ರಿಟೈರ್ ಆಗಿ ಎಲ್ಲಿ ನೆಲೆ ನಿಲ್ಲೋಣ ಅಂತ ಹುಡುಕುತ್ತಿರುವವರು, ಎಲ್ಲರೂ ಇಲ್ಲಿದ್ದೀರಿ. ನಾನು 31 ವರ್ಷ ಬ್ಯಾಂಕಿನಲ್ಲಿದ್ದೆ. ಧಾರವಾಡ, ಕಲಬುರಗಿ, ಮಂಗಳೂರು, ಬೆಂಗಳೂರು, ಹೀಗೆ ಒಟ್ಟು 9 ಬಾಡಿಗೆ ಮನೆಗಳಲ್ಲಿ ಸಂಸಾರ ಮಾಡಿದ್ದೇವೆ. ಅದರಿಂದ ನನಗೆ ಗಟ್ಟಿಯಾಗಿ ಗೊತ್ತಾಗಿದ್ದು ಒಂದೇ. ಬಾಡಿಗೆ ಬೇರೆ, ಹವೆ ಬೇರೆ ಅಂತ ಎರಡು ಲೆಕ್ಕ ಇಟ್ಟುಕೊಳ್ಳಬೇಡಿ. ಆ ಊರಿನ ಹವೆಗೂ ನೀವು ತಿಂಗಳು ತಿಂಗಳು ದುಡ್ಡು ಕಟ್ಟುತ್ತೀರಿ. ಅದು ಬಾಡಿಗೆ ಕರಾರಿನಲ್ಲಿ ಬರೆದಿರುವುದಿಲ್ಲ, ಅಷ್ಟೇ.

ನಾವೆಲ್ಲ ಮನೆ ನೋಡೋಕೆ ಯಾವಾಗ ಹೋಗುತ್ತೇವೆ ಹೇಳಿ? ಡಿಸೆಂಬರ್, ಜನವರಿ. ರಜೆ ಇರುತ್ತದೆ, ಓಡಾಡೋಕೆ ಹಿತವಾಗಿರುತ್ತದೆ. ಆಗ ಕರ್ನಾಟಕದ ಯಾವ ಊರಾದರೂ ಚೆನ್ನಾಗಿಯೇ ಕಾಣುತ್ತದೆ. ಕಲಬುರಗಿಯಲ್ಲೂ ಬೆಳಗ್ಗೆ ಚಳಿ ಇರುತ್ತದೆ, ಮಂಗಳೂರಲ್ಲೂ ಸಂಜೆ ಗಾಳಿ ಬರುತ್ತದೆ.

ಕಲಬುರಗಿಗೆ ನಾನು ಹೋಗಿದ್ದೂ ಜನವರಿಯಲ್ಲೇ. ಒಂದೇ ಬೀದಿಯಲ್ಲಿ ಎರಡು ಮನೆ ಸಿಕ್ಕವು. ಒಂದು ಕೆಳಗಿನ ಹಳೇ ಮನೆ, ಕಲ್ಲಿನ ಗೋಡೆ, ಶಹಾಬಾದ್ ಕಲ್ಲಿನ ನೆಲ, ಸ್ವಲ್ಪ ಕತ್ತಲೆ. ಇನ್ನೊಂದು ಎರಡನೇ ಮಹಡಿಯ ಹೊಸ ಮನೆ, ಟೈಲ್ಸು, ದೊಡ್ಡ ದೊಡ್ಡ ಕಿಟಕಿ, ಬಾಡಿಗೆಯೂ ಕಡಿಮೆ. ಎದುರು ಮನೆಯ ಅಜ್ಜ ಕಟ್ಟೆ ಮೇಲೆ ಕೂತಿದ್ದರು. "ಮ್ಯಾಲಿನ ಮನಿ ಬ್ಯಾಡ್ರಿ ಸರ, ಬ್ಯಾಸಗ್ಯಾಗ ಇರ್ಲಾಕ ಆಗಂಗಿಲ್ಲ" ಅಂದರು. ನಾನು ಕೇಳಲಿಲ್ಲ, ಮೇಲಿನ ಮನೆಯನ್ನೇ ಹಿಡಿದೆ.

ಏಪ್ರಿಲ್ ಬಂತು. ಅಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಸರ್ಕಾರಿ ಕಚೇರಿಗಳೇ ಆ ಭಾಗದಲ್ಲಿ ಬೇಸಿಗೆಗೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಸಮಯ ಬದಲಿಸಿಕೊಳ್ಳುತ್ತವೆ. ಹಗಲಿಡೀ ತಾರಸಿ ಕುಡಿದ ಬಿಸಿಲು ರಾತ್ರಿ ಮನೆಯೊಳಗೆ ಇಳಿಯುತ್ತಿತ್ತು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಇಡೋಕೆ ಆಗದಷ್ಟು ಬಿಸಿ ನೀರು, ಮಗುವಿನ ಕೈ ತೊಳೆಯಬೇಕಾದರೂ ನಮ್ಮವಳು ಬಕೆಟ್ಟಿನಲ್ಲಿ ನೀರು ಹಿಡಿದು ಆರೋಕೆ ಬಿಡುತ್ತಿದ್ದಳು. ಕೊನೆಗೆ ಕೂಲರ್ ತಂದೆವು, ಅದಕ್ಕೆ ನೀರು, ಕರೆಂಟು. ಬಾಡಿಗೆಯಲ್ಲಿ ಉಳಿಸಿದ್ದು ಆ ಒಂದೇ ಬೇಸಿಗೆಗೆ ಮುಗಿಯಿತು. ಮುಂದಿನ ವರ್ಷ ಅಜ್ಜ ಹೇಳಿದಂಥ ಕೆಳಮನೆಗೇ ಹೋದೆವು. ಆ ಕಲ್ಲಿನ ನೆಲದ ಮೇಲೆ ಚಾಪೆ ಹಾಕಿಕೊಂಡು ಮಲಗಿದ ಸುಖ ನನಗೆ ಇವತ್ತಿಗೂ ನೆನಪಿದೆ.

ಅದೇ ಕೂಲರನ್ನು ಲಾರಿಯಲ್ಲಿ ಮಂಗಳೂರಿಗೂ ಸಾಗಿಸಿದೆವು. ಅಲ್ಲಿ ಅದು ಉಪಯೋಗಕ್ಕೇ ಬರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಾಮಾನು ಸಾಗಿಸುವವರಿಗೆಲ್ಲ ಇದು ಬೇಕು. ಕೂಲರ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಕಲಬುರಗಿಯ ಗಾಳಿ ಒಣಗಾಳಿ, ನೀರನ್ನು ಬೇಗ ಹೀರುತ್ತದೆ, ಕೋಣೆ ತಣ್ಣಗಾಗುತ್ತದೆ. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಇನ್ನಷ್ಟು ಹೀರೋಕೆ ಜಾಗವೇ ಇರುವುದಿಲ್ಲ. ಕೂಲರ್ ಹಾಕಿದರೆ ಸೆಕೆ ಇನ್ನೂ ಜಾಸ್ತಿ. ನಮ್ಮ ಬೆವರೂ ಅದೇ ಕಾರಣಕ್ಕೆ ಆರುವುದಿಲ್ಲ. ಮಂಗಳೂರಲ್ಲಿ 34 ಡಿಗ್ರಿ ಅಂತ ಮೊಬೈಲಿನಲ್ಲಿ ನೋಡಿ, ಕಲಬುರಗಿಗಿಂತ ಎಷ್ಟೋ ವಾಸಿ ಅಂದುಕೊಳ್ಳಬೇಡಿ. ಬರೀ ಡಿಗ್ರಿ ನೋಡಿ ಊರು ಹೋಲಿಸೋಕೆ ಆಗುವುದಿಲ್ಲ.

ಇನ್ನು ಮಳೆ. ಬೆಂಗಳೂರಿಗೆ ವರ್ಷ ಪೂರ್ತಿ ಬೀಳುವಷ್ಟು ಮಳೆ ಮಂಗಳೂರಿಗೆ ಹೆಚ್ಚು ಕಡಿಮೆ ಜುಲೈ ಒಂದರಲ್ಲೇ ಬೀಳುತ್ತದೆ. ನಾವು ಹೋದ ಹೊಸದರಲ್ಲಿ ಊರು ತುಂಬಾ ಚೆನ್ನಾಗಿದೆ ಅಂದಾಗ ಮನೆ ಓನರಮ್ಮ "ಒಂದು ಮಳೆಗಾಲ ನೋಡಿ ಮಾರಾಯ್ರೆ, ಮತ್ತೆ ಹೇಳಿ" ಅಂದಿದ್ದರು. ಮೂರನೇ ವಾರಕ್ಕೆ ಬೆಲ್ಟಿನ ಮೇಲೆ ಬಿಳಿ ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಒಗೆದ ಬಟ್ಟೆ ನಾಲ್ಕು ದಿನ ಆದರೂ ಒದ್ದೆ, ಮೇಲಾಗಿ ವಾಸನೆ. ಬೀರು ಗೋಡೆಗೆ ತಾಗಿಸಿ ಇಟ್ಟಿದ್ದೆವು. ನನ್ನ ಡಿಗ್ರಿ ಸರ್ಟಿಫಿಕೇಟ್ ಪ್ಲಾಸ್ಟಿಕ್ ಕವರಿಗೆ ಅಂಟಿಕೊಂಡು, ಬಿಡಿಸೋಕೆ ಹೋದಾಗ ಒಂದು ಮೂಲೆಯ ಅಕ್ಷರ ಕವರಿಗೇ ಬಂತು. ತುಂಬಾ ಸಂಕಟ ಆಯಿತು.

ಅಲ್ಲಿಯ ಜನ ಮನೆಯನ್ನು ಸುಮ್ಮನೆ ಹಾಗೆ ಕಟ್ಟಿಲ್ಲ. ಇಳಿಜಾರು ಹಂಚಿನ ಮಾಡು, ಮುಂದೆ ಚಾಚಿದ ಜಗಲಿ, ಕೆಂಪುಕಲ್ಲಿನ ಗೋಡೆ, ಎಲ್ಲಕ್ಕೂ ಕಾರಣ ಇದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ದೂರದೂರಕ್ಕೂ ಹೋಯಿತು. ಈಗ ತಾರಸಿ ಮನೆಗಳೇ ಜಾಸ್ತಿ, ಹಾಗಾಗಿ ತಾರಸಿಯ ಮೇಲೆ ಮತ್ತೆ ಶೀಟು ಹಾಕಿಸುತ್ತಾರೆ. ಕರಾವಳಿಯಲ್ಲಿ ಮನೆ ನೋಡೋಕೆ ಹೋದಾಗ ಮೊದಲು ಮೇಲೆ ಹತ್ತಿ ಶೀಟು ಇದೆಯಾ ನೋಡಿ. ಸೋರುವುದೂ ತಪ್ಪುತ್ತದೆ, ಅದರ ಕೆಳಗೆ ಬಟ್ಟೆ ಒಣಹಾಕೋಕೆ ಹಗ್ಗವೂ ಇರುತ್ತದೆ. ಎರಡು ಸಾವಿರ ಬಾಡಿಗೆ ಜಾಸ್ತಿ ಕೇಳಿದರೂ ಶೀಟು ಇರುವ ಮನೆಯನ್ನೇ ಹಿಡಿಯಿರಿ ಅಂತ ನಾನು ಹೇಳುತ್ತೇನೆ. ಇಷ್ಟೆಲ್ಲ ಮಳೆ ಬಂದರೂ ಬೇಸಿಗೆಯಲ್ಲಿ ನೀರಿನ ತೊಂದರೆ ಇಲ್ಲ ಅಂತಲ್ಲ. ನಗರಕ್ಕೆ ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು ಬರುವುದು, 2019ರ ಮೇ ತಿಂಗಳಲ್ಲಿ ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ, ಸರದಿ ಲೆಕ್ಕದಲ್ಲಿ ಕೊಡಬೇಕಾಯಿತು. ಬಾವಿ ಇರುವ ಮನೆ ಸಿಕ್ಕಿದರೆ ಪುಣ್ಯ.

ಧಾರವಾಡ, ಮೈಸೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡೂ ಕಡೆ ಹವೆ ಹಿತ, ಧಾರವಾಡದಲ್ಲಿ ಮಳೆಗಾಲದ ಜಿಟಿಜಿಟಿ ಒಂದನ್ನು ತಡೆದುಕೊಂಡರೆ ಆಯಿತು.

ಬೆಂಗಳೂರಿಗೆ ಬರುವವರಿಗೆ ಬೇರೆಯೇ ಲೆಕ್ಕ. 900 ಮೀಟರಿಗಿಂತ ಎತ್ತರದಲ್ಲಿರುವ ಊರು, ಅದಕ್ಕೇ ತಂಪು. ಆದರೂ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಇಲ್ಲಿ ಕೆಟ್ಟ ಕಾಲ ಎರಡು. ಮಾರ್ಚ್, ಏಪ್ರಿಲ್‌ನಲ್ಲಿ ಬೋರ್ ಬತ್ತುತ್ತದೆ, 2024ರಲ್ಲಿ ಟ್ಯಾಂಕರಿಗೆ ಜನ ಎಷ್ಟು ಪರದಾಡಿದರು ನೋಡಿದ್ದೀರಿ. ಸೆಪ್ಟೆಂಬರ್‌ನಲ್ಲಿ ತಗ್ಗಿನ ಬಡಾವಣೆಗೆ ನೀರು ನುಗ್ಗುತ್ತದೆ, 2022ರಲ್ಲಿ ಬೆಳ್ಳಂದೂರು, ಯಮಲೂರು ಕಡೆ ಟ್ರ್ಯಾಕ್ಟರಿನಲ್ಲಿ ಜನರನ್ನು ಕರೆತಂದರು. ಕಾವೇರಿ ನೀರು ಇದೆಯಾ, ಎಷ್ಟು ದಿನಕ್ಕೊಮ್ಮೆ, ಟ್ಯಾಂಕರ್ ಬಂದರೆ ದುಡ್ಡು ಯಾರದ್ದು? ಇದನ್ನು ಓನರ್ ಹತ್ತಿರ ಮಾತ್ರ ಕೇಳಬೇಡಿ. ಪಕ್ಕದ ಮನೆಯವರನ್ನೂ ಕೇಳಿ.

ಇಲ್ಲಿಯ ಅಡ್ವಾನ್ಸ್ ಬಗ್ಗೆಯೂ ಹೇಳಲೇಬೇಕು. ಮೊದಲಿಂದ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವ ಪದ್ಧತಿ ಇದು. 25,000 ಬಾಡಿಗೆಗೆ ಎರಡೂವರೆ ಲಕ್ಷ ಓನರ್ ಹತ್ತಿರ ಬಡ್ಡಿ ಇಲ್ಲದೆ ಕೂತಿರುತ್ತದೆ. ಶೇಕಡಾ 7ರ ಲೆಕ್ಕದಲ್ಲಿ ವರ್ಷಕ್ಕೆ 17,500. ಅಂದರೆ ನಿಮ್ಮ ಬಾಡಿಗೆ ನಿಜವಾಗಿ ತಿಂಗಳಿಗೆ ಸುಮಾರು 26,450. ಖಾಲಿ ಮಾಡುವಾಗ ಪೇಂಟಿಂಗ್ ಅಂತ ಒಂದು ತಿಂಗಳದ್ದು ಹಿಡಿದುಕೊಳ್ಳುವುದು ಬೇರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ಒಪ್ಪಿ ತಂದರೇ ಜಾರಿ. ಆದರೂ ಚೌಕಾಸಿಗೆ ಕೂತಾಗ ಆ ಮಾತು ಎತ್ತಿ, ತಪ್ಪಿಲ್ಲ. ಭೋಗ್ಯಕ್ಕೆ, ಅಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರೋಕೆ, ಹೋಗುವವರು ಮಾತ್ರ ದಯವಿಟ್ಟು ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಋಣಭಾರ ಪತ್ರ ತೆಗೆಸಿ ನೋಡಿ. ಓನರ್ ಸಾಲ ಕಟ್ಟದೆ ಮನೆ ಹರಾಜಿಗೆ ಬಂದಾಗ, ಭೋಗ್ಯದವರು ಕೌಂಟರ್ ಮುಂದೆ ಬಂದು ಅತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕರೆಂಟಿನದು ಇನ್ನೊಂದು. ಸರ್ಕಾರದ ಗೃಹಜ್ಯೋತಿ ಯೋಜನೆ ಇದೆ, ಕರೆಂಟು ಫ್ರೀ ಅಲ್ವಾ ಅಂತೀರಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ದಾಟದಿದ್ದರೂ ಎಷ್ಟು ಫ್ರೀ ಅನ್ನುವುದು ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ, ಅದನ್ನು ಮೀರಿದ್ದಕ್ಕೆ ಕಟ್ಟಬೇಕು. ಕರಾವಳಿಯಲ್ಲಿ ಮೇ ತಿಂಗಳಿಡೀ ರಾತ್ರಿ ಎಸಿ ಓಡಿಸಿದರೆ ಈ ಲೆಕ್ಕ ಎಲ್ಲಿಗೆ ಹೋಗುತ್ತದೆ ಯೋಚಿಸಿ. ಮನೆ ಬದಲಿಸುವಾಗ, ಕರೆಂಟ್ ಬಿಲ್ಲಿನಲ್ಲಿರುವ ಹಳೇ ಮನೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳುವುದನ್ನೂ ಮರೆಯಬೇಡಿ.

ಹಾಗಾದರೆ ಯಾವಾಗ ನೋಡಬೇಕು? ಕಲಬುರಗಿ, ರಾಯಚೂರು ಕಡೆ ಆದರೆ ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ. ಕರಾವಳಿಗೆ ಜುಲೈನಲ್ಲಿ, ಜೋರು ಮಳೆ ಬರುವಾಗಲೇ. ಬೆಂಗಳೂರಿಗೆ ಸೆಪ್ಟೆಂಬರ್‌ನ ದೊಡ್ಡ ಮಳೆಯ ಮಾರನೇ ದಿನ. ಆಗ ಹೋಗೋಕೆ ಆಗದಿದ್ದರೆ ಮೇ ತಿಂಗಳ ಕರೆಂಟ್ ಬಿಲ್ ತೋರಿಸಿ ಅಂತ ಓನರ್‌ನ ಕೇಳಿ, ಸೀಲಿಂಗಿನ ಮೂಲೆಯಲ್ಲಿ ಕಲೆ ಹುಡುಕಿ, ಬೀರುವಿನ ಬಾಗಿಲು ತೆಗೆದು ಮೂಸಿ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಪೇಂಟ್ ಇದ್ದರೆ ಯಾಕೆ ಅಂತ ಕೇಳಿ.

ನಮ್ಮ ಮಗಳು ಈಗ ಉಡುಪಿಗೆ ಹೋಗುತ್ತಿದ್ದಾಳೆ. ಜನವರಿಯಲ್ಲಿ ಒಂದು ಮನೆ ನೋಡಿ ತುಂಬಾ ಇಷ್ಟಪಟ್ಟಳು, ಆದರೆ ಅಡ್ವಾನ್ಸ್ ಕೊಟ್ಟಿಲ್ಲ. ಈ ಜುಲೈಗೆ ಮತ್ತೆ ಹೋಗುತ್ತಾಳೆ, ಜೊತೆಗೆ ಅವರಮ್ಮನೂ ಹೋಗುತ್ತಾಳೆ. ನಮ್ಮ ಹಳೇ ಮನೆಗಳ ಕರೆಂಟ್ ಬಿಲ್ಲಿನ ಫೈಲ್ ತಂದಿದ್ದೇನೆ, ಬೇಕಾದವರು ಟೀ ಹೊತ್ತಿಗೆ ಬಂದು ನೋಡಿ.