ಏಳು ಸೆಕೆಂಡಿನ ರಾಗಗಳ ಊರು

ಕೇಳುಗರಿಗೆ ನಮಸ್ಕಾರ.

ಟೋಕಿಯೊ ನಗರದ ಚಿತ್ರಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲವಾದ್ದರಿಂದ ಇಂದು ಆ ಊರಿನ ಸದ್ದುಗಳ ಬಗ್ಗೆ ಮಾತನಾಡುತ್ತೇನೆ. ಹಾಗೆ ನೋಡಿದರೆ, ಆ ಊರಿನ ಗುಣ ಕಣ್ಣಿಗಿಂತ ಮೊದಲು ತಿಳಿಯುವುದು ಕಿವಿಗೇ ಎಂಬುದು ನನ್ನ ಅಭಿಪ್ರಾಯ.

ನಗರದ ನಡುಭಾಗವನ್ನು ಬಳಸಿಕೊಂಡು ಓಡುವ ಯಾಮಾನೊತೆ ಎಂಬ ವರ್ತುಲ ರೈಲುಮಾರ್ಗವಿದೆ. 34.5 ಕಿಲೋಮೀಟರು ದೂರ, 30 ನಿಲ್ದಾಣಗಳು. ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಬೋಗಿಯೊಳಗೆ ಎಷ್ಟೇ ನೂಕುನುಗ್ಗಲಿದ್ದರೂ ಮಾತು ಕಡಿಮೆ, ಫೋನಿನಲ್ಲಿ ಮಾತನಾಡುವುದಂತೂ ಅಸಭ್ಯತೆ. ಆದರೆ ಬಾಗಿಲು ತೆರೆದೊಡನೆ ನಿಲ್ದಾಣವೇ ಹಾಡತೊಡಗುತ್ತದೆ. ರೈಲು ಹೊರಡುವ ಸೂಚನೆಯಾಗಿ ಮೊದಲು ಕರ್ಕಶವಾದ ಗಂಟೆ ಬಾರಿಸುತ್ತಿದ್ದರು. ಅದು ಜನರನ್ನು ಇನ್ನಷ್ಟು ಗಾಬರಿಗೊಳಿಸುತ್ತದೆಂಬ ದೂರುಗಳಿದ್ದುದರಿಂದ 1989ರಲ್ಲಿ ಶಿಂಜುಕು ಮತ್ತು ಶಿಬುಯಾ ನಿಲ್ದಾಣಗಳಲ್ಲಿ ಗಂಟೆಯ ಬದಲು ಕಿರುರಾಗಗಳನ್ನು ಅಳವಡಿಸಿದರು. ಸುಮಾರು ಏಳು ಸೆಕೆಂಡಿನ ಈ ರಾಗಗಳು ಬರಬರುತ್ತ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆಯಾದವು. ಓದುತ್ತಲೋ ತೂಕಡಿಸುತ್ತಲೋ ಕುಳಿತವರು ತಲೆ ಎತ್ತದೆಯೇ ಯಾವ ಊರು ಬಂತೆಂದು ತಿಳಿಯಬಹುದು.

ಕೆಲವು ರಾಗಗಳ ಹಿಂದೆ ಸ್ವಾರಸ್ಯದ ಕತೆಗಳಿವೆ. ತೆಜುಕಾ ಒಸಾಮು ಎಂಬ ಚಿತ್ರಕಾರರ ಕಾಮಿಕ್ಸ್ ಕಥೆಯ ನಾಯಕ, ಆತೋಮು ಎಂಬ ಯಂತ್ರಬಾಲಕ, ಕಥೆಯ ಪ್ರಕಾರ 2003ರ ಏಪ್ರಿಲ್ 7ರಂದು ತಾಕಾದಾನೊಬಾಬಾ ಎಂಬಲ್ಲಿ ಹುಟ್ಟುತ್ತಾನೆ. ಆ ಕಥೆ ಬರೆದದ್ದು 1950ರ ದಶಕದಲ್ಲಿ. ಕಾಗದದ ಮೇಲಿನ ಆ ಹುಟ್ಟಿದ ವರ್ಷ ನಿಜವಾಗಿಯೂ ಬಂದಾಗ, ಅಲ್ಲಿನ ನಿಲ್ದಾಣದಲ್ಲಿ ಅವನ ಹಾಡನ್ನೇ ನುಡಿಸತೊಡಗಿದರು. ಇನ್ನು ಎಬಿಸು ನಿಲ್ದಾಣದ್ದು ವಿಚಿತ್ರ ವಂಶಾವಳಿ. ಎಬಿಸು ಎಂದರೆ ಗಾಳವನ್ನೂ ಮೀನನ್ನೂ ಹಿಡಿದ ಅದೃಷ್ಟದೇವತೆ. ದೇವರ ಹೆಸರನ್ನು ಒಂದು ಬಿಯರಿಗೆ ಇಟ್ಟರು, ಬಿಯರಿನ ಹೆಸರು ನಿಲ್ದಾಣಕ್ಕೆ ಬಂತು, ನಿಲ್ದಾಣದ್ದು ಬಡಾವಣೆಗೆ. ಅಲ್ಲಿ ಕೇಳಿಸುವುದೋ, ವಿಯೆನ್ನಾದಲ್ಲಿ ನಡೆಯುವ ‘ದಿ ಥರ್ಡ್ ಮ್ಯಾನ್’ ಚಲನಚಿತ್ರದ ತಂತಿವಾದ್ಯದ ರಾಗ, ಏಕೆಂದರೆ ಆ ಬಿಯರಿನ ಜಾಹೀರಾತಿನಲ್ಲಿ ಬಳಸಿದ್ದು ಅದನ್ನೇ.

ನಿಲ್ದಾಣದ ಹೊರಗೂ ಇದೇ ಕ್ರಮ. ರಸ್ತೆ ದಾಟುವಲ್ಲಿ ಹಸಿರು ದೀಪ ಹತ್ತಿದಾಗ ಒಂದು ದಿಕ್ಕಿಗೆ ಕೋಳಿಮರಿಯ ಪಿಯೊ ಪಿಯೊ, ಇನ್ನೊಂದಕ್ಕೆ ಕುಕೂ ಹಕ್ಕಿಯ ಕೂಗು. ದೃಷ್ಟಿಯಿಲ್ಲದವರಿಗೆ ದಾರಿ ಯಾವುದೆಂದು ತಿಳಿಸುವ ವ್ಯವಸ್ಥೆ ಇದು. ಪ್ಲಾಟ್‌ಫಾರಂನಲ್ಲಿ ಹಕ್ಕಿಗಳ ಚಿಲಿಪಿಲಿ ಕೇಳಿಸಿದರೆ ಸೂರಿನತ್ತ ನೋಡಬೇಕಾಗಿಲ್ಲ, ಮೆಟ್ಟಿಲು ಅಲ್ಲಿದೆ ಎಂದರ್ಥ. ಸಂಜೆ ಐದಕ್ಕೆ ಅನೇಕ ಬಡಾವಣೆಗಳಲ್ಲಿ ಕಂಬದ ಮೇಲಿನ ಧ್ವನಿವರ್ಧಕಗಳಿಂದ ‘ಯೂಯಾಕೆ ಕೋಯಾಕೆ’ ಎಂಬ ಹಳೆಯ ಶಿಶುಗೀತೆಯ ರಾಗ ಹೊರಡುತ್ತದೆ. ಮಕ್ಕಳಿಗೆ ಅದು ಆಟ ನಿಲ್ಲಿಸಿ ಮನೆಗೆ ಹೋಗುವ ಕರೆ. ನಗರಾಡಳಿತಕ್ಕೆ, ಭೂಕಂಪದ ದಿನ ಎಚ್ಚರಿಕೆ ನೀಡಬೇಕಾದ ಯಂತ್ರ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವ ನಿತ್ಯಪರೀಕ್ಷೆ.

ಸಂಕೋಚಕ್ಕೂ ಅಲ್ಲೊಂದು ಸದ್ದಿದೆ. ಶೌಚಾಲಯದಲ್ಲಿ ತಮ್ಮ ಸದ್ದು ಹೊರಗೆ ಕೇಳಬಾರದೆಂದು ಮಹಿಳೆಯರು ಮತ್ತೆ ಮತ್ತೆ ನೀರು ಬಿಡುತ್ತಿದ್ದರು, ನೀರು ಪೋಲಾಗುತ್ತಿತ್ತು. 1988ರಲ್ಲಿ ಟೋಟೊ ಸಂಸ್ಥೆ ಹರಿಯುವ ನೀರಿನ ಸದ್ದನ್ನು ಮಾತ್ರ ಹೊರಡಿಸುವ ಪುಟ್ಟ ಪೆಟ್ಟಿಗೆಯೊಂದನ್ನು ತಂದಿತು. ಅದರ ಹೆಸರು ಒತೊಹಿಮೆ, ಅಂದರೆ ನಾದದ ರಾಜಕುಮಾರಿ. ಸಮುದ್ರದಡಿಯ ಅರಮನೆಯ ರಾಜಕುಮಾರಿಯೊಬ್ಬಳಿಗೂ ಜಪಾನಿನ ಜನಪದ ಕಥೆಯಲ್ಲಿ ಇದೇ ಹೆಸರಿದೆ. ಇಂಥ ನಾಜೂಕಿನ ಶ್ಲೇಷೆಯನ್ನು ನಮ್ಮ ಕವಿಗಳೂ ಮೆಚ್ಚುತ್ತಿದ್ದರೇನೋ.

ಮತ್ತೆ ರೈಲಿಗೆ ಬರೋಣ. ಈ ರಾಗಗಳನ್ನು ನುಡಿಸುವುದು ಗಣಕಯಂತ್ರವಲ್ಲ. ಗಾರ್ಡ್ ಕೆಳಗಿಳಿದು ಪ್ಲಾಟ್‌ಫಾರಂನ ಗುಂಡಿ ಒತ್ತುತ್ತಾರೆ, ಜನ ಹತ್ತಿದೊಡನೆ ನಿಲ್ಲಿಸುತ್ತಾರೆ. ಹೀಗಾಗಿ ರಾಗ ಪೂರ್ತಿಯಾಗುವುದೇ ಅಪರೂಪ. ಈಗ ಗಾರ್ಡ್ ಇಲ್ಲದೆ ಚಾಲಕರೊಬ್ಬರೇ ರೈಲು ನಡೆಸುವ ಪದ್ಧತಿ ಒಂದೊಂದೇ ಮಾರ್ಗಕ್ಕೆ ಬರುತ್ತಿದೆ, ಅಲ್ಲೆಲ್ಲ ನಿಲ್ದಾಣದ ರಾಗಗಳು ಮೌನವಾಗುತ್ತಿವೆ. ರೈಲಿನ ಸದ್ದುಗಳನ್ನೇ ಸಂಗ್ರಹಿಸುವ ಹವ್ಯಾಸಿಗಳಿಗೆ ಅಲ್ಲಿ ಒತೊತೆತ್ಸು ಎಂಬ ಹೆಸರಿದೆ. ಧ್ವನಿವರ್ಧಕದ ಕೆಳಗೆ ಮೈಕು ಎತ್ತಿ ಹಿಡಿದು ನಿಂತ ಅವರಿಗೆ ಬೇಕಾದದ್ದು ಇಷ್ಟೇ: ಗಾರ್ಡಿನ ಬೆರಳು ಗುಂಡಿಯ ಮೇಲೆ ಏಳು ಸೆಕೆಂಡು ಸುಮ್ಮನಿರಬೇಕು.