ಪಟ್ಟಿಯಲ್ಲಿದ್ದ ಮನೆ, ಪಟ್ಟಿಯಲ್ಲಿಲ್ಲದ ಮನೆ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊರೊನಾ ಅಂದ ಕೂಡಲೇ ಈಗ ರೇಡಿಯೊ ಬಂದ್ ಮಾಡುವವರೇ ಜಾಸ್ತಿ. ಸ್ವಲ್ಪ ತಾಳಿ. ನಾನು ಹೇಳಹೊರಟಿರುವುದು ಆ ರೋಗದ ವಿಷಯ ಅಲ್ಲ. ಕಾಸರಗೋಡಿನ ನಮ್ಮ ಗುಡ್ಡದ ಊರುಗಳಲ್ಲಿ ನಡೆಯಲಾಗದ, ಮಾತು ಬಾರದ, ಪದೇ ಪದೇ ಫಿಟ್ಸ್ ಬರುವ ಮಕ್ಕಳನ್ನು ಸಾಕುವ ಮನೆಗಳಿವೆ. ಆ ಮನೆಗಳಿಗೆ ಆ ಹೊತ್ತಿನಲ್ಲಿ ಯಾರು ನೆರವಾದರು, ಯಾರು ಕೈಕೊಟ್ಟರು, ಯಾಕೆ ಹಾಗಾಯಿತು ಅನ್ನುವುದನ್ನು ಹೇಳಬೇಕು.

ನಾನು ಪಂಚಾಯತಿನ ಪಾಲಿಯೇಟಿವ್ ತಂಡದ ಜೊತೆ, ಅಂದರೆ ಗುಣವಾಗದ ಕಾಯಿಲೆಯವರನ್ನು ಮನೆಯಲ್ಲೇ ಆರೈಕೆ ಮಾಡುವವರ ಜೊತೆ, ಮನೆಮನೆಗೆ ಹೋಗುತ್ತಿದ್ದವಳು. ನರ್ಸ್ ಅಲ್ಲ, ಡಾಕ್ಟರ್ ಅಲ್ಲ. ಚೀಲ ಹಿಡಿಯುವುದು, ದಾರಿ ತೋರಿಸುವುದು, ಮಲಯಾಳ ಸರಿಯಾಗಿ ಬಾರದ ಅಮ್ಮಂದಿರಿಗೆ ಡಾಕ್ಟರರ ಮಾತನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳುವುದು, ಇಷ್ಟೇ ನನ್ನ ಕೆಲಸ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು. ಈ ಹೆಸರುಗಳನ್ನು ಕೇಳಿದರೆ ನಿಮಗೆ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ನೆನಪಾಗುತ್ತದೆ, ಅಲ್ವಾ? ಸರ್ಕಾರದ್ದೇ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 2000ದವರೆಗೆ, ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ, ಹೆಲಿಕಾಪ್ಟರಿನಿಂದ ಅದನ್ನು ಸುರಿದರು. ಕೆಳಗೆ ಮನೆಗಳಿದ್ದವು, ಬಾವಿಗಳಿದ್ದವು, ಗುಡ್ಡದಿಂದ ನೀರು ಬರುವ ಸುರಂಗಗಳಿದ್ದವು. ಒಂದೇ ಬೈಲಿನ ಮನೆಗಳಲ್ಲಿ ಯಾಕೆ ಇಷ್ಟೊಂದು ಕಾಯಿಲೆ ಅಂತ ಮೊದಲು ಕೇಳಿದವರು ದೊಡ್ಡ ಆಸ್ಪತ್ರೆಯವರಲ್ಲ. ಪಡ್ರೆಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಡಾಕ್ಟರ್ ವೈ.ಎಸ್. ಮೋಹನ್ ಕುಮಾರ್. ತಮ್ಮ ಹತ್ತಿರ ಬರುವ ರೋಗಿಗಳು ಯಾವ ಯಾವ ಮನೆಯವರು ಅಂತ ಅವರು ಗಮನಿಸುತ್ತಾ ಹೋದರು. ಆಮೇಲೆ ಪತ್ರಿಕೆಗಳಲ್ಲಿ ಬಂತು, ಹೋರಾಟ ಆಯಿತು, 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ಇಡೀ ದೇಶದಲ್ಲಿ ನಿಲ್ಲಿಸಿತು. ಸರ್ಕಾರ ಮೆಡಿಕಲ್ ಕ್ಯಾಂಪ್ ನಡೆಸಿ ಸಂತ್ರಸ್ತರ ಪಟ್ಟಿ ಮಾಡಿತು.

ನಮ್ಮ ಕಡೆ ಎಲ್ಲವೂ ಈ ಪಟ್ಟಿಯ ಮೇಲೆ ನಿಂತಿದೆ.

ಪಟ್ಟಿಯಲ್ಲಿ ಹೆಸರಿದ್ದರೆ ಪಿಂಚಣಿ ಬರುತ್ತದೆ, ಮದ್ದು ಸಿಗುತ್ತದೆ, ನರ್ಸ್ ಮನೆಗೆ ಬರುತ್ತಾಳೆ. ಕೇರಳದಲ್ಲಿ ಪಾಲಿಯೇಟಿವ್ ಆರೈಕೆಗೆ 2008ರಿಂದಲೇ ಸರ್ಕಾರದ ನೀತಿ ಇದೆ, ಪಂಚಾಯತಿಗೊಬ್ಬರು ನರ್ಸ್ ಇರುತ್ತಾರೆ. ಹಾಗಾಗಿ 2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು ಇಡೀ ದೇಶಕ್ಕೆ ಲಾಕ್‌ಡೌನ್ ಅಂದಾಗ ನಮ್ಮ ನರ್ಸ್ ಏನೂ ಹುಡುಕಬೇಕಾಗಲಿಲ್ಲ. ಯಾವ ಮನೆಯಲ್ಲಿ ಯಾವ ಮಗು ಮಲಗಿದಲ್ಲೇ ಇದೆ, ಯಾರಿಗೆ ಮೂಗಿನ ಟ್ಯೂಬಿನಲ್ಲಿ ಗಂಜಿ, ಯಾರಿಗೆ ಡಯಾಪರ್ ಯಾವ ಅಳತೆಯದು, ಎಲ್ಲ ಅವಳಿಗೆ ಬಾಯಿಪಾಠ. ಮಗು ಅಂತ ನಾವು ಹೇಳುವುದು ಅಭ್ಯಾಸದಿಂದ. ಇಪ್ಪತ್ತೈದು ವರ್ಷದವರೂ ಆ ಲೆಕ್ಕದಲ್ಲಿದ್ದಾರೆ. ಅಮ್ಮನೇ ಎತ್ತಿ ಸ್ನಾನ ಮಾಡಿಸಬೇಕಾದರೆ ಅಮ್ಮನಿಗೆ ಅದು ಮಗುವೇ.

ದಿಲ್ಲಿಯಿಂದಲೂ ಮಾರ್ಚ್ 26ಕ್ಕೇ ಒಂದು ಸೂಚನೆ ಬಂತು. ಅಂಗವಿಕಲರನ್ನು ನೋಡಿಕೊಳ್ಳುವವರಿಗೆ ಪಾಸ್ ಕೊಡಿ, ಅವರಿಗೆ ಬೇಕಾದ್ದನ್ನು ಮನೆಗೆ ಮುಟ್ಟಿಸಿ, ಹೀಗೆಲ್ಲ. ಕಾಗದ ಚೆನ್ನಾಗಿಯೇ ಇತ್ತು. ಆದರೆ ಆ ಕಾಗದವನ್ನು ಓದಿ ಗುಡ್ಡ ಹತ್ತಿ ಬರುವವರು ಬೇಕಲ್ಲ.

ಅಕ್ಕಿ, ಬೇಳೆ ವಿಷಯದಲ್ಲಿ ತೊಂದರೆ ಆಗಲಿಲ್ಲ. ರೇಷನ್ ಅಂಗಡಿಯಲ್ಲಿ 17 ಸಾಮಾನಿನ ಕಿಟ್ ಬಂತು. ಹೋಗಲಾಗದ ಮನೆಗಳಿಗೆ ವಾರ್ಡಿನ ಹುಡುಗರು ಬೈಕಿನಲ್ಲಿ ತಂದು ಕೊಟ್ಟರು. ಕುಟುಂಬಶ್ರೀ ಅನ್ನುವ ಹೆಂಗಸರ ಸ್ವಸಹಾಯ ಸಂಘದವರು ಪಂಚಾಯತಿನ ಅಡುಗೆಮನೆ ನಡೆಸಿದರು. ಇದನ್ನೆಲ್ಲ ಆಗ ಪೇಪರಿನವರು ಬೇಕಾದಷ್ಟು ಬರೆದಿದ್ದಾರೆ, ನಾನು ಮುಂದೆ ಹೋಗುತ್ತೇನೆ.

ಕಷ್ಟ ಇದ್ದದ್ದು ಮದ್ದಿನಲ್ಲಿ.

ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ ಹೆಚ್ಚುಕಡಿಮೆ 50 ಕಿಲೋಮೀಟರ್. ತಿರುವನಂತಪುರ ಅದರ ಹತ್ತು ಪಾಲಿಗೂ ಜಾಸ್ತಿ ದೂರ. ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಆಗ ನರರೋಗ ತಜ್ಞರಿರಲಿಲ್ಲ. ಹಾಗಾಗಿ ಫಿಟ್ಸ್ ಇರುವ ಮಕ್ಕಳ ಚೀಟಿಯೆಲ್ಲ ಮಂಗಳೂರಿನದ್ದೇ, ಮದ್ದೂ ಅಲ್ಲಿಂದಲೇ. ಅಂಥ ಹೊತ್ತಿನಲ್ಲಿ ಮಾರ್ಚ್ ಕೊನೆಗೆ ಕರ್ನಾಟಕದವರು ಗಡಿ ಮುಚ್ಚಿದರು. ತಲಪಾಡಿಯಲ್ಲಿ ಪೊಲೀಸರು ನಿಂತರು, ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಕಾಸರಗೋಡಿನಲ್ಲಿ ಆಗ ಕೊರೊನಾ ಜೋರಾಗಿತ್ತು, ಕರ್ನಾಟಕದವರಿಗೆ ಹೆದರಿಕೆ ಇದ್ದದ್ದು ಸುಳ್ಳಲ್ಲ. ಆದರೆ ಆಂಬುಲೆನ್ಸನ್ನೂ ವಾಪಸ್ ಕಳಿಸಿದ್ದನ್ನು ನಾನು ಈಗಲೂ ಒಪ್ಪುವುದಿಲ್ಲ. ಆಸ್ಪತ್ರೆ ಮುಟ್ಟಲಾಗದೆ ಹಲವರು ತೀರಿಕೊಂಡರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ದಾರಿ ಬಿಡಿಸಿ ಅಂದಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 7ನೇ ತಾರೀಕಿಗೆ ಎರಡೂ ಕಡೆಯವರು ಒಪ್ಪಿಕೊಂಡರು: ಕೊರೊನಾ ಇಲ್ಲದ ತುರ್ತು ರೋಗಿಗಳನ್ನು ಸರ್ಟಿಫಿಕೇಟ್ ನೋಡಿ ತಲಪಾಡಿಯಲ್ಲಿ ಬಿಡುವುದು ಅಂತ. ಅದರ ಹಿಂದಿನ ದಿನವಷ್ಟೇ ನಮ್ಮ ಜಿಲ್ಲೆಯ ಉಕ್ಕಿನಡ್ಕದಲ್ಲಿ ಕಟ್ಟಡವಾಗಿ ನಿಂತಿದ್ದ ಮೆಡಿಕಲ್ ಕಾಲೇಜನ್ನು ಕೊರೊನಾ ಆಸ್ಪತ್ರೆ ಮಾಡಿ ತೆರೆದಿದ್ದರು.

ಫಿಟ್ಸಿನ ಮದ್ದು ಕೋರ್ಟಿನ ತಾರೀಕಿಗೆ ಕಾಯುವುದಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು, ಬಿಡದೇ ಬರಬಹುದು, ಜೀವಕ್ಕೇ ಅಪಾಯ. ಒಬ್ಬ ಅಮ್ಮ ಬಾಟ್ಲಿಯನ್ನು ಬೆಳಕಿಗೆ ಹಿಡಿದು ತೋರಿಸಿ ಕೇಳಿದಳು: "ಅಕ್ಕಾ, ಐದು ಎಂಎಲ್ ಕೊಡುವಲ್ಲಿ ಮೂರು ಕೊಡ್ತಾ ಇದ್ದೇನೆ, ಎರಡು ದಿನ ಜಾಸ್ತಿ ಬರ್ತದಲ್ಲ, ತೊಂದರೆ ಉಂಟಾ?" ನಾನು ಏನು ಹೇಳಲಿ. ನರ್ಸ್ ಅಲ್ಲಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಹಳೇ ಚೀಟಿಯ ಫೋಟೊ ತರಿಸಿಕೊಂಡು, ಅದೇ ಮದ್ದಿಗೆ ಹೊಸ ಚೀಟಿ ಬರೆದು ವಾಟ್ಸಾಪಿನಲ್ಲಿ ಕಳಿಸಿದರು. ಹತ್ತಿರದ ಪೇಟೆಯಲ್ಲಿ ಸಿಗದ ಮದ್ದನ್ನು ಬೇರೆ ಜಿಲ್ಲೆಯಿಂದ ಅಗ್ನಿಶಾಮಕದವರು ತಂದರು. ಹೌದು, ಬೆಂಕಿ ನಂದಿಸುವವರೇ. ಆಗ ಕೇರಳದಲ್ಲಿ ಅವರ ಗಾಡಿಗಳೂ ಪೊಲೀಸ್ ಗಾಡಿಗಳೂ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ರೋಗಿಗಳಿಗೆ ಮದ್ದು ಮುಟ್ಟಿಸುತ್ತಿದ್ದವು. ಯಾರು ಯೋಚನೆ ಮಾಡಿದ್ದೋ, ಅವರಿಗೆ ಒಳ್ಳೆಯದಾಗಲಿ.

ಇಲ್ಲಿ ಒಂದು ಮಾತು. ಇಷ್ಟೆಲ್ಲ ಆದದ್ದು ಆ ಮಗುವಿನ ಹೆಸರು ನರ್ಸಿನ ಪುಸ್ತಕದಲ್ಲಿ ಇದ್ದ ಕಾರಣ. ಅದೇ ಏರಿನಲ್ಲಿ ಸ್ವಲ್ಪ ಮೇಲೆ ಇನ್ನೊಂದು ಮನೆ ಇದೆ. ಅಲ್ಲೂ ಅಂಥದ್ದೇ ಮಗು, ಅದೇ ಫಿಟ್ಸ್. ಆದರೆ ಪಟ್ಟಿಯಲ್ಲಿಲ್ಲ. 2017ರ ಕ್ಯಾಂಪಿನಲ್ಲಿ ಡಾಕ್ಟರುಗಳು ನೋಡಿ 1,905 ಮಂದಿಯನ್ನು ಗುರುತಿಸಿದ್ದರು. ಕೊನೆಗೆ ಪಟ್ಟಿ ಹೊರಗೆ ಬಂದಾಗ ಇದ್ದದ್ದು 287 ಹೆಸರು. ಗಲಾಟೆಯಾದ ಮೇಲೆ 76 ಸೇರಿಸಿದರು. 2019ರಲ್ಲಿ ಅಮ್ಮಂದಿರು ಮಕ್ಕಳನ್ನು ಕಟ್ಟಿಕೊಂಡು ತಿರುವನಂತಪುರದ ಸೆಕ್ರೆಟರಿಯೇಟ್ ಎದುರು ಕೂತ ಮೇಲೆ 18 ವರ್ಷದೊಳಗಿನ 511 ಮಂದಿ ಸೇರಿದರು. ಉಳಿದ 1,031 ಮಂದಿ ಹೊರಗೇ ಉಳಿದರು. ಲಾಕ್‌ಡೌನ್ ಬಂದಾಗ ಅವರೆಲ್ಲ ಹೊರಗೇ ಇದ್ದರು.

ಆ ಮೇಲಿನ ಮನೆಗೆ ಯಾರು ಹೋದರು? ಆಶಾ ಕಾರ್ಯಕರ್ತೆ ಹೋದಳು. ಅಯಲ್ಕೂಟದ, ಅಂದರೆ ಕುಟುಂಬಶ್ರೀಯ ನೆರೆಕರೆ ಗುಂಪಿನ, ಹೆಂಗಸರು ಹೋದರು. ಅವರಿಗೆ ಪಟ್ಟಿ ಬೇಡ, ನೆಂಟರ ಮನೆ ಇದ್ದ ಹಾಗೆ. ಆದರೆ ಅವರ ಕೈಯಲ್ಲಿ ಮದ್ದಿಲ್ಲ, ಚೀಟಿ ಬರೆಸುವ ದಾರಿ ಇಲ್ಲ, ಗಾಡಿ ಇಲ್ಲ. ಆ ಮನೆಯವರು ಸಾಲ ಮಾಡಿ ಜೀಪು ಹಿಡಿದು ಹೋಗಿ ಬಂದರು. ಊರಿನವರ ಒಳ್ಳೆಯತನ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಸರ್ಕಾರದ ಪುಸ್ತಕದಲ್ಲಿ ಹೆಸರು ಬೇಕು. "ನಮ್ಮ ಊರಲ್ಲಿ ಎಲ್ಲರೂ ಎಲ್ಲರಿಗೂ ಸಹಾಯ ಮಾಡಿದರು" ಅಂತ ಭಾಷಣ ಮಾಡುವವರಿಗೆ ನಾನು ಈ ಮನೆಯ ದಾರಿ ತೋರಿಸುತ್ತೇನೆ.

ಇನ್ನು ದುಡ್ಡು. ನಮ್ಮ ಕಡೆ ಇಂಥ ಮನೆಯ ಅಮ್ಮ ಹೊರಗೆ ಕೆಲಸಕ್ಕೆ ಹೋಗಲಾರಳು, ಮಗುವಿನ ಹತ್ತಿರ ಕೂತು ಬೀಡಿ ಕಟ್ಟುತ್ತಾಳೆ. ಎಲೆ, ಹೊಗೆಸೊಪ್ಪು ಬರುವುದು ಮಂಗಳೂರಿನಿಂದ. ಗಡಿ ಮುಚ್ಚಿತು, ಬೀಡಿ ಬ್ರಾಂಚೂ ಮುಚ್ಚಿತು. ನೋಡಿಕೊಳ್ಳುವವರಿಗೆ ಅಂತ ಕೇರಳದಲ್ಲಿ ಆಶ್ವಾಸಕಿರಣಂ ಅನ್ನುವ ಯೋಜನೆ ಇದೆ, ಆಗ ತಿಂಗಳಿಗೆ 600 ರೂಪಾಯಿ. ಇಪ್ಪತ್ನಾಲ್ಕು ಗಂಟೆಯ ಕೆಲಸಕ್ಕೆ ದಿನಕ್ಕೆ 20 ರೂಪಾಯಿ, ಅದೂ ತಿಂಗಳು ತಿಂಗಳು ಸರಿಯಾಗಿ ಬಂದರೆ. ಸಂತ್ರಸ್ತರಿಗೆ ತಲಾ 5 ಲಕ್ಷ ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಮತ್ತೆ ವಿಚಾರಿಸಿದಾಗ, ಬಾಕಿ ಇದ್ದ 3,704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಮಂದಿಗೆ, ಅವರೂ ಕೋರ್ಟಿಗೆ ಹೋದವರು. ಅಂದರೆ ಆ ದುಡ್ಡು ಅತಿ ಜಾಸ್ತಿ ಬೇಕಾಗಿದ್ದ ಎರಡು ವರ್ಷ ಅದು ಬಾಕಿ ಇದ್ದವರಲ್ಲಿ ಹೆಚ್ಚಿನವರ ಕೈಗೆ ಬರಲೇ ಇಲ್ಲ.

ಬಡ್ಸ್ ಶಾಲೆಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಬುದ್ಧಿಯ ಬೆಳವಣಿಗೆ ನಿಧಾನ ಇರುವ ಮಕ್ಕಳಿಗಾಗಿ ಪಂಚಾಯತುಗಳೇ ನಡೆಸುವ ಶಾಲೆ ಅದು. ವ್ಯಾನ್ ಬಂದು ಕರೆದುಕೊಂಡು ಹೋಗುತ್ತದೆ, ಊಟ ಇದೆ, ಫಿಸಿಯೊಥೆರಪಿ ಇದೆ. ಅಮ್ಮನಿಗೆ ಹಗಲಲ್ಲಿ ಐದಾರು ಗಂಟೆ ಬಿಡುವು ಸಿಗುತ್ತಿದ್ದದ್ದೂ ಅದರಿಂದಲೇ. ಅದು ಒಂದೇ ದಿನಕ್ಕೆ ನಿಂತಿತು. ಬೆಳಗ್ಗೆ ವ್ಯಾನಿನ ಹಾರ್ನ್ ಕೇಳದಿದ್ದರೆ ಕೆಲವು ಮಕ್ಕಳು ಊಟ ಮುಟ್ಟುತ್ತಿರಲಿಲ್ಲ, ತಲೆ ಗೋಡೆಗೆ ಬಡಿದುಕೊಳ್ಳುತ್ತಿದ್ದರು. ಟೀಚರುಗಳು ಸುಮ್ನೆ ಕೂರಲಿಲ್ಲ. ವಿಡಿಯೊ ಕಾಲ್ ಮಾಡಿ ಹಾಡು ಹೇಳಿದರು, ಮಣಿ ಪೋಣಿಸುವ ಸಾಮಾನು ಮನೆಗೆ ಕಳಿಸಿದರು. ಆದರೆ ನಮ್ಮ ಗುಡ್ಡಗಳಲ್ಲಿ ಸಿಗ್ನಲ್ ಸಿಗುವುದು ತೋಟದ ತುದಿಯಲ್ಲಿ. ಮಲಗಿದ ಮಗುವನ್ನು ಅಲ್ಲಿಗೆ ಎತ್ತಿಕೊಂಡು ಹೋಗಲಾಗುತ್ತದಾ? ಕಾಲು ಮಡಚುವ, ಬಿಡಿಸುವ ವ್ಯಾಯಾಮದ ವಿಡಿಯೊಗಳು ಬಂದವು, ಎಲ್ಲ ಮಲಯಾಳದಲ್ಲಿ. ನಾನು ಅಂಗಳದಲ್ಲಿ ನಿಂತು, ಮಾಸ್ಕ್ ಹಾಕಿಕೊಂಡು, ತುಳುವಿನಲ್ಲಿ ಕೂಗಿ ಹೇಳುತ್ತಿದ್ದೆ. ವ್ಯಾಯಾಮ ತಪ್ಪಿದ ಮಕ್ಕಳ ಕೈಕಾಲು ಬಿಗಿದುಕೊಂಡಿತು. ಅದು ಅಕ್ಕಿ ಕೊಟ್ಟ ಹಾಗೆ ಆಮೇಲೆ ಕೊಟ್ಟು ಸರಿಮಾಡುವಂಥದ್ದಲ್ಲ.

ಎಲ್ಲಕ್ಕಿಂತ ಹೆದರಿಕೆ ಇದ್ದದ್ದು ಬೇರೆ ವಿಷಯಕ್ಕೆ. ಅಮ್ಮನಿಗೇ ಪಾಸಿಟಿವ್ ಬಂದರೆ? ಮೊದಮೊದಲು ಪಾಸಿಟಿವ್ ಬಂದವರನ್ನೆಲ್ಲ ಮನೆಯಿಂದ ಕರೆದುಕೊಂಡು ಹೋಗುತ್ತಿದ್ದರು. ಅಮ್ಮನ ಕೈಯಲ್ಲಿ ಬಿಟ್ಟರೆ ಬೇರೆಯವರ ಕೈಯಲ್ಲಿ ತುತ್ತು ತಿನ್ನದ ಮಗುವನ್ನು ಯಾರ ಹತ್ತಿರ ಬಿಡುವುದು? ಕೆಲವು ಅಮ್ಮಂದಿರು ಜ್ವರ ಬಂದರೂ ಹೇಳಲಿಲ್ಲ. ನನಗೆ ಗೊತ್ತಿತ್ತು, ನರ್ಸಿಗೂ ಗೊತ್ತಿತ್ತು, ನಾವು ಬೈಯಲಿಲ್ಲ. ಒಂದು ಮನೆಯಲ್ಲಿ ವಾರ್ಡ್ ಮೆಂಬರ್ ಒಂದು ಕೆಲಸ ಮಾಡಿದರು. ಕಾಯಿಲೆ ಬರುವ ಮೊದಲೇ ಮಗುವಿನ ಚಿಕ್ಕಮ್ಮನನ್ನು ಆ ಮನೆಗೆ ಕರೆಸಿ, ಮಗುವಿಗೆ ಹೇಗೆ ಉಣ್ಣಿಸುವುದು, ಫಿಟ್ಸ್ ಬಂದರೆ ಹೇಗೆ ಮಗ್ಗುಲಿಗೆ ಮಲಗಿಸುವುದು ಅಂತ ಅಮ್ಮನಿಂದಲೇ ಕಲಿಸಿದರು. ಎರಡನೇ ಅಲೆಯಲ್ಲಿ ಆ ಅಮ್ಮನಿಗೆ ನಿಜವಾಗಿಯೂ ಕೊರೊನಾ ಬಂತು. ಚಿಕ್ಕಮ್ಮ ನಡೆಸಿಕೊಂಡು ಹೋದಳು. ಇದಕ್ಕೆ ಯಾವ ಯೋಜನೆಯೂ ಇರಲಿಲ್ಲ, ಪೈಸೆ ಖರ್ಚೂ ಇರಲಿಲ್ಲ.

ಗಡಿಯ ಆಚೆಯೂ ಇದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದಲ್ಲಿ ಎಂಡೋಸಲ್ಫಾನ್ ಮಕ್ಕಳ ಹಗಲು ಪಾಲನಾ ಕೇಂದ್ರಗಳಿವೆ. ಕರ್ನಾಟಕದ ಗ್ರಾಮ ಪಂಚಾಯತುಗಳಲ್ಲಿ ವಿಆರ್‌ಡಬ್ಲ್ಯು ಅಂತ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಲ್ಲಿ ಎಷ್ಟೋ ಮಂದಿ ತಾವೇ ಅಂಗವಿಕಲರು, ಸಂಬಳ ಅಲ್ಲ, ಗೌರವಧನ. ನಿಮ್ಮ ಪಂಚಾಯತಿನಲ್ಲಿ ಅವರು ಯಾರು ಅಂತ ಗೊತ್ತಿದೆಯಾ? ಗೊತ್ತಿಲ್ಲದಿದ್ದರೆ ನಾಳೆ ಪಂಚಾಯತಿಗೆ ಹೋದಾಗ ಕೇಳಿ.

ನಮ್ಮ ಗ್ರಾಮಸಭೆಯಲ್ಲಿ ನಾನು ಕೇಳುತ್ತಾ ಬಂದಿರುವುದು ಒಂದೇ. ಪಟ್ಟಿಯಲ್ಲಿ ಇರಲಿ, ಇಲ್ಲದಿರಲಿ, ವಾರ್ಡಿನ ಇಂಥ ಪ್ರತಿ ಮನೆಗೂ ಒಂದು ಹಾಳೆ. ಮದ್ದಿನ ಹೆಸರು, ಎಷ್ಟು ಕೊಡುವುದು, ಇಂಥ ಹೊತ್ತಿನಲ್ಲಿ ಎಷ್ಟು ದಿನಕ್ಕಾಗುವಷ್ಟು ಇದೆ. ಮನೆಯಲ್ಲಿ ಯಾವ ಭಾಷೆ. ಅಮ್ಮನಿಗೆ ಹುಷಾರಿಲ್ಲದಿದ್ದರೆ ಯಾರು ಬರುತ್ತಾರೆ, ಅವರ ಫೋನ್ ನಂಬರು. ವರ್ಷಕ್ಕೆರಡು ಸಲ ತಿದ್ದಿದರೆ ಸಾಕು. ನಮ್ಮ ವಾರ್ಡಿನಲ್ಲಿ ಶುರು ಮಾಡಿದ್ದೇವೆ, ಆಶಾಳ ಹತ್ತಿರ ಒಂದು ಪ್ರತಿ, ನರ್ಸಿನ ಹತ್ತಿರ ಒಂದು. ಪಕ್ಕದ ವಾರ್ಡಿನವರು ಇನ್ನೂ "ನೋಡುವಾ" ಅನ್ನುತ್ತಿದ್ದಾರೆ.

ಕೇಳಿದ್ದಕ್ಕೆ ವಂದನೆಗಳು. ನಮಸ್ಕಾರ.